ನಡುವಿನ ಸಣ್ಣ ಬಾಕ್ಸ್

ಚಾವಡಿಯ ಎರಡು ಮೂಲೆಗಳಿಗೆ ಒಂದೊಂದು ಬೇಸ್ ಸ್ಪೀಕರ್, ಮೇಲೆ ಸೀಲಿಂಗಿಗೆ ತಾಗುವಂತೆ ಎರಡು ದೊಡ್ಡ ಬಾಕ್ಸ್, ಅವುಗಳ ಮುಖ ನೇರ ಬಾಗಿಲ ಕಡೆಗೆ. ಏಣಿಯಿಂದ ಇಳಿದ ಉಮಾನಾಥ ಕೈಯ ಧೂಳು ಕೊಡವಿಕೊಂಡು, "ಬಾಯಿ, ಇನ್ನು ನೀವು ಆರಾಮದಲ್ಲಿ ಕುಳಿತುಕೊಳ್ಳಿ" ಎಂದ. ಮನೆಯೊಡತಿ ಗ್ಲ್ಯಾಡಿಸ್ ಬಾಯಿ ಸೆರಗು ಸರಿಮಾಡಿಕೊಂಡು, ನಾಟಕಕ್ಕೆ ಮುಂದಿನ ಸಾಲಿನ ಟಿಕೆಟ್ ಸಿಕ್ಕಿದವರಂತೆ ಸೋಫಾದ ನಡುವೆ ಕುಳಿತರು.

ಕಾಪು ಸುತ್ತಮುತ್ತ ಮದುವೆ, ಮದುವೆಯ ಮುನ್ನಾದಿನದ ರೋಸ್, ಭೂತದ ನೇಮ ಯಾವುದೇ ಇರಲಿ, ಉಮಾನಾಥನ ಸೌಂಡ್ಸ್ ಇಲ್ಲದೆ ಕಳೆಗಟ್ಟುತ್ತಿರಲಿಲ್ಲ. ಈಗ ಮಗಳು ಮೋಕ್ಷಾಳ ಜೊತೆ ಬನ್ನಂಜೆಯಲ್ಲಿ ಹೋಮ್ ಥಿಯೇಟರ್ ಅಂಗಡಿ ತೆರೆದಿದ್ದ. ಇದು ಆ ಅಂಗಡಿಯ ಮೊದಲ ಮನೆ. ಗ್ಲ್ಯಾಡಿಸ್ ಬಾಯಿ ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ. ಅವರು ಒಂದು ಮಾತು ಒಳ್ಳೆಯದು ಹೇಳಿದರೆ ತಾವೂ ಹಾಕಿಸುತ್ತೇವೆಂದು ಗಲ್ಫಿನಿಂದ ಬಂದು ಹೊಸ ಮನೆ ಕಟ್ಟಿಸುತ್ತಿದ್ದ ಕೆಲವರು ಕಾದು ಕುಳಿತಿದ್ದರು. ಇಲ್ಲಿ ಕೆಟ್ಟರೆ ಬನ್ನಂಜೆಯ ಶಟರ್ ಎಳೆಯುವುದೇ ಸೈ. ಆದರೆ ಕೆಡುವ ಯೋಚನೆ ಉಮಾನಾಥನ ಹತ್ತಿರವೂ ಸುಳಿದಿರಲಿಲ್ಲ. ದೊಡ್ಡ ಬಾಕ್ಸ್‌ಗಳನ್ನು ಅಷ್ಟು ಮೇಲೆ ಕಟ್ಟುವುದು ಬೇಡ, ಒಂದೇ ಬೇಸ್ ಸಾಕು ಎಂದು ಮೋಕ್ಷಾ ಬೆಳಿಗ್ಗೆ ಮೆಲ್ಲಗೆ ಹೇಳಿ ನೋಡಿದ್ದಳು. "ನಿನ್ನ ಪ್ರಾಯಕ್ಕಿಂತ ಹಳೆಯ ಆಂಪ್ಲಿಫೈಯರ್ ನನ್ನ ಗೋಡೌನಿನಲ್ಲಿ ಉಂಟು" ಎಂದು ಅವನು ಅವಳ ಬಾಯಿ ಮುಚ್ಚಿಸಿದ್ದ.

ಕಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಸಿನಿಮಾದ ತುಣುಕೊಂದನ್ನು ಹಾಕಿದ. ಕಿಟಕಿಯ ಗಾಜು ನಡುಗಿತು. ಮೂಲೆಯಲ್ಲಿ ಮಲಗಿದ್ದ ಬೆಕ್ಕು ಎದ್ದು ಅಡುಗೆಮನೆಗೆ ಓಡಿತು. ಗೋಡೆಯ ಮೇಲಿದ್ದ ಪವಿತ್ರ ಕುಟುಂಬದ ಚಿತ್ರ ವಾಲಿಕೊಂಡಿತು. ಉಮಾನಾಥನ ಎದೆ ಉಬ್ಬಿತು. ಬಾಯಿ ಎದ್ದು ಚಿತ್ರವನ್ನು ನೆಟ್ಟಗೆ ಮಾಡಿ, ಈಗ ತನ್ನದೊಂದು ಹಾಕಬಹುದೇ ಎಂದು ಕೇಳಿದರು.

ಅವರದು ಕೊಂಕಣಿ ನಾಟಕ, ಯೂಟ್ಯೂಬಿನದು. ರಂಗದ ಮೇಲೆ ಇಬ್ಬರು ಏನೋ ಮಾತನಾಡಿದರು, ಸಭೆಯವರು ಬಿದ್ದು ಬಿದ್ದು ನಕ್ಕರು. ಬಾಯಿ ನಗಲಿಲ್ಲ. ಹಿಂದಕ್ಕೆ ತಂದು ಮತ್ತೆ ಹಾಕಿದರು. ಸಭೆ ಮತ್ತೆ ನಕ್ಕಿತು, ಬಾಯಿಯ ಮುಖ ಮಾತ್ರ ಪರೀಕ್ಷೆಯಲ್ಲಿ ಪ್ರಶ್ನೆ ತಿಳಿಯದ ಮಕ್ಕಳ ಮುಖದ ಹಾಗೆಯೇ ಇತ್ತು.

"ಜನ ನಗುತ್ತಾರೆ ಉಮಾನಾಥರೇ. ಎಂತಕ್ಕೆ ನಗುತ್ತಾರೆ ಅಂತ ನನಗೆ ಗೊತ್ತಾಗುವುದಿಲ್ಲ. ಇಷ್ಟಕ್ಕೆ ನನ್ನ ಹಳೆಯ ಟಿವಿ ಸಾಕಿತ್ತು, ಅಲ್ವಾ?"

ಉಮಾನಾಥ ಸೌಂಡ್ ಏರಿಸಿದ. ಗೊಂದಲವೇ ಇನ್ನಷ್ಟು ದೊಡ್ಡದಾಯಿತು. ರೆಕಾರ್ಡಿಂಗ್ ಸರಿಯಿಲ್ಲ ಎಂದ, ನಾಟಕದವರು ಮೈಕ್ ಹಿಡಿಯುವ ಕ್ರಮವೇ ತಪ್ಪು ಎಂದ. ಬಾಯಿ ವಾದಕ್ಕೆ ನಿಲ್ಲಲಿಲ್ಲ. ತಾನು ಚಹಾ ಮಾಡಿ ತರುತ್ತೇನೆ, ಅಷ್ಟರಲ್ಲಿ ನೀವೇ ಇಲ್ಲಿ ಕುಳಿತು ಕೇಳಿ ನೋಡಿ ಎಂದು ಸೋಫಾ ಬಿಟ್ಟುಕೊಟ್ಟು ಒಳಗೆ ಹೋದರು.

ಅವನು ಕುಳಿತ. ಇಷ್ಟು ವರ್ಷ ಮಿಕ್ಸರಿನ ಹಿಂದೆ ನಿಂತವನು, ತಾನೇ ಕಟ್ಟಿದ ಬಾಕ್ಸ್‌ಗಳ ಎದುರು ಕುಳಿತು ಕೇಳಿದ್ದು ಇದೇ ಮೊದಲು. ಕೊಂಕಣಿ ಅವನಿಗೆ ನೀರು ಕುಡಿದಷ್ಟು ಸುಲಭ, ಆದರೂ ಒಂದು ಮಾತೂ ಕಿವಿಗೆ ಹತ್ತಲಿಲ್ಲ. ಬೇಸ್ ಮೂಲೆಯಲ್ಲಿ ಗುಂಯ್ಗುಡುತ್ತಿತ್ತು, ಮಾತುಗಳೆಲ್ಲ ಅವನ ತಲೆಯ ಮೇಲಿಂದ ಹಾದು ಅಂಗಳಕ್ಕೆ ಹೋಗುತ್ತಿದ್ದವು. ಅವನಿಗೆ ನಾಚಿಕೆಯಾಯಿತು. ಚಪ್ಪರದ ಕೆಳಗೆ ಕುಳಿತ ಎಷ್ಟು ಮಂದಿ ಹೀಗೆಯೇ ಪಿಳಿಪಿಳಿ ಕಣ್ಣು ಬಿಟ್ಟಿದ್ದಾರೋ ಎಂದುಕೊಂಡ.

"ಆ ಸಣ್ಣ ಬಾಕ್ಸ್ ಎಲ್ಲಿ?" ಎಂದು ವಯರ್ ಸುತ್ತುತ್ತಿದ್ದ ಮಗಳನ್ನು ಕೇಳಿದ. ಸೆಟ್ಟಿನ ಜೊತೆ ಬಂದಿದ್ದ ಗೇಣುದ್ದದ ಆ ಪೆಟ್ಟಿಗೆಯನ್ನು ಬೆಳಿಗ್ಗೆ ನೋಡಿ ಇದು ಎಂತ ಆಟದ ಸಾಮಾನು ಎಂದು ಬದಿಗಿಟ್ಟವನು ಅವನೇ.

"ಹೊರಗೆ ಓಮ್ನಿ ವ್ಯಾನಿನಲ್ಲೇ ಉಂಟು ಪಪ್ಪ," ಎಂದಳು ಮೋಕ್ಷಾ, ಅಡುಗೆಮನೆಗೆ ಕೇಳದಷ್ಟು ಮೆಲ್ಲಗೆ. "ಮಾತು ಬರುವುದು ಅದರಲ್ಲಿಯೇ."

ಉಮಾನಾಥ ತಡಮಾಡಲಿಲ್ಲ. ತಪ್ಪು ಮಾಡುವಾಗ ಎಷ್ಟು ಗತ್ತು ಇತ್ತೋ ತಿದ್ದುವಾಗಲೂ ಅಷ್ಟೇ ಗತ್ತು. ಏಣಿ ಹತ್ತಿ ಎರಡೂ ದೊಡ್ಡ ಬಾಕ್ಸ್ ಇಳಿಸಿದ, ಕುಳಿತವರ ಕಿವಿಯ ಎತ್ತರಕ್ಕೆ ಟಿವಿಯ ಆಚೆ ಈಚೆ ನಿಲ್ಲಿಸಿ ಮುಖವನ್ನು ಸೋಫಾ ಕಡೆ ತಿರುಗಿಸಿದ. ಸಣ್ಣ ಬಾಕ್ಸ್ ಟಿವಿಯ ಕೆಳಗೆ ನಡುವಿನಲ್ಲಿ ಕುಳಿತಿತು. ಒಂದು ಬೇಸನ್ನು ಮೂಲೆಯಿಂದ ಈಚೆ ಎಳೆದ, ಇನ್ನೊಂದನ್ನು ಹೊತ್ತುಕೊಂಡು ಹೋಗಿ ಓಮ್ನಿಗೆ ಹಾಕಿದ. ಆಂಪ್ಲಿಫೈಯರಿನ ಗುಂಡಿಯನ್ನು ಮಾತ್ರ ಮೋಕ್ಷಾಳ ಕೈಗೆ ಬಿಟ್ಟ. ಅವಳು ತಿರುಗಿಸಿದ್ದು ಬಹಳ ಕಡಿಮೆ. ಇನ್ನೂ ಸ್ವಲ್ಪ ಕೊಡು ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಅವನು ಬಾಯಿ ತಂದುಕೊಟ್ಟ ಚಹಾದೊಂದಿಗೆ ನುಂಗಿಕೊಂಡ.

ಬಾಯಿ ನಾಟಕವನ್ನು ಮೊದಲಿನಿಂದ ಹಾಕಿದರು. ಅವರ ಮುಖ ನೋಡುತ್ತಾ ನಿಲ್ಲುವ ಧೈರ್ಯವಾಗದೆ ಉಮಾನಾಥ ಅಂಗಳಕ್ಕೆ ಇಳಿದ, ಗೇಟು ದಾಟಿ ರಸ್ತೆಗೂ ಬಂದ. ಸೌಂಡ್ ಎಲ್ಲಿಯವರೆಗೆ ಕೇಳುತ್ತದೆಂದು ನಡೆದು ನೋಡುವುದು ಮದುವೆ, ನೇಮಗಳಲ್ಲಿ ಅವನ ಕ್ರಮ. ಲೈಟ್‌ಹೌಸಿನವರೆಗೆ ಕೇಳಿದರೆ ಆ ದಿನ ಅವನಿಗೆ ಊಟ ರುಚಿ. ಇಲ್ಲಿ ಗೇಟಿಗೇ ಏನೂ ಕೇಳುತ್ತಿರಲಿಲ್ಲ. ಬಾಯಿಯ ಮಾತಿಗೆ ಕಾಯುತ್ತಿದ್ದ ಗಲ್ಫಿನವರಲ್ಲಿ ಒಬ್ಬನಾದ ಲೆಸ್ಟರ್ ಸ್ಕೂಟರ್ ನಿಲ್ಲಿಸಿ ಒಳಗೆ ಇಣುಕಿದ.

"ಎಂತ ಉಮಾನಾಥಣ್ಣ, ಕರೆಂಟ್ ಇಲ್ವಾ? ಎಂತದೂ ಕೇಳುವುದಿಲ್ಲ."

ಆಗ ಒಳಗಿನಿಂದ ಗ್ಲ್ಯಾಡಿಸ್ ಬಾಯಿ ನಕ್ಕರು. ಸಣ್ಣ ನಗುವಲ್ಲ, ಸೋಫಾದ ಕೈಗೆ ಬಡಿದು ಬಡಿದು ನಗುವ ನಗು. ಅದು ಅಂಗಳ ದಾಟಿ, ಗೇಟು ದಾಟಿ, ಇಬ್ಬರ ಕಿವಿಗೂ ಸ್ಪಷ್ಟವಾಗಿ ಬಂತು.

"ಸೌಂಡ್ ಕುಳಿತವರಿಗೆ ಇಟ್ಟದ್ದು ಮಾರಾಯ," ಎಂದ ಉಮಾನಾಥ. "ರಸ್ತೆಗೆ ಇಷ್ಟು ಸಾಕು."