ಅತ್ತೆ ಹೇಳಿದ ಸಾಕ್ಷಿ

"ಅಕ್ಕಾರ, ಆಸ್ಟ್ರೇಲಿಯಾದಾವ ಬಂದಾನ್ರಿ!"

ನೆರೆಮನೆಯ ಯಲ್ಲಕ್ಕ ಏದುಸಿರು ಬಿಡುತ್ತ ಹೇಳಿದಾಗ ರಾಜಮತಿ ಶೇಂಗಾ ಹುರಿಯುತ್ತಿದ್ದಳು. ಒಲೆ ಆರಿಸಿ ಕಿಟಕಿಯಲ್ಲಿ ಇಣುಕಿದಳು. ಬೂದು ಬಣ್ಣದ ಸಫಾರಿ, ಕಂಕುಳಲ್ಲಿ ಚರ್ಮದ ಚೀಲ. ಎದುರಿನ ಅಂಗಡಿಯಲ್ಲಿ ಶ್ರದ್ಧಾಳ ಮನೆ ಯಾವುದೆಂದು ಕೇಳುತ್ತಿದ್ದ. ರಾಜಮತಿ ನಾಲ್ಕು ದಿನದಿಂದ ಕಾಯುತ್ತಿದ್ದ ಆಸಾಮಿ ಕೊನೆಗೂ ಕೈಗೆ ಸಿಕ್ಕಿದ್ದ.

ಶ್ರದ್ಧಾ ಅವಳ ತಮ್ಮನ ಮಗಳು. ಹೆತ್ತವರು ತೀರಿದ ಮೇಲೆ ಎತ್ತಿ ಆಡಿಸಿ ಬೆಳೆಸಿದವಳು ಈ ಅತ್ತೆಯೇ. ಹುಡುಗಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಮೂಡಲಗಿಯಲ್ಲೇ ಅಲ್ಲಪ್ಪನ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಹಿಡಿದಳು. ಪಕ್ಕದ ನಾಗನೂರಿನವರೂ ಪಂಪು ಕೆಟ್ಟರೆ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಆಮೇಲೆ ಬಂತು ಆಸ್ಟ್ರೇಲಿಯಾದ ಹುಚ್ಚು. ಬೆಳಗಾವಿಯ ಏಜೆಂಟ ಎರಡು ದಾರಿ ತೋರಿಸಿದ. ಓದುವ ನೆಪದಲ್ಲಿ ಹೋಗಿ ಅಲ್ಲಿ ನೆಲೆ ಹುಡುಕುವುದು ಒಂದು. ಕಸುಬಿನ ಬಲದ ಮೇಲೆ ಇಲ್ಲಿಂದಲೇ ಕಾಯಂ ವಾಸಕ್ಕೆ ಅರ್ಜಿ ಹಾಕುವುದು ಇನ್ನೊಂದು. ವಯಸ್ಸಿಗೆ ಅಂಕ, ಅನುಭವಕ್ಕೆ ಅಂಕ, ಇಂಗ್ಲಿಷಿಗೆ ಅಂಕ. ಶ್ರದ್ಧಾ ಎರಡನೆಯದನ್ನೇ ಹಿಡಿದಳು.

ರಾಜಮತಿ ಮೂರನೆಯದೊಂದು ತೆರೆದಳು. ಹುಕ್ಕೇರಿಯಲ್ಲಿ ಬಟ್ಟೆ ಅಂಗಡಿ ಇದ್ದ ಮನೆತನ, ಒಬ್ಬನೇ ಮಗ. ಮುಂಜಾನೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮಗಳ ಮುಖ ನೋಡಬಹುದು. ಕಡಲಾಚೆ ಹೋದರೆ ಯಾರ ಮುಖ ನೋಡಿ ಬದುಕುವುದು? ಆ ಭಯ ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ದೀಪಾವಳಿ ಆದ ಮೇಲೆ ಹೆಣ್ಣು ನೋಡಲು ಬರುತ್ತೇವೆಂದು ಹುಕ್ಕೇರಿಯವರು ಹೇಳಿ ಕಳಿಸಿದ್ದರು. ಅಷ್ಟರೊಳಗೆ ವೀಸಾ ಒಂದು ಮುರಿದುಬಿದ್ದರೆ ಸಾಕಿತ್ತು.

ಹೋದ ಸೋಮವಾರ ಅಲ್ಲಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ದಿನವಿಡೀ ಅಂಗಡಿಯ ಫೋನಿನ ಪಕ್ಕ ಕುಳಿತಿದ್ದ. ಈ ವಯಸ್ಸಿನಲ್ಲಿ ಮದುಮಗನಾದನೆಂದು ಓಣಿ ನಕ್ಕಿತು. ಅದೇ ಸಂಜೆ ಶ್ರದ್ಧಾ ಮನೆಮನೆಗೂ ಹೋಗಿ ಹೇಳಿದಳು.

"ನನ್ನ ಬಗ್ಗೆ ಕೇಳಾಕ ಯಾರರ ಬಂದ್ರ ಆಸ್ಟ್ರೇಲಿಯಾದಾವ ಅಂತ ತಿಳೀರಿ. ಮದುವಿ ವಿಚಾರಕ್ಕ ಬಂದವರ ಮುಂದ ಹೊಗಳಿದಂಗ ಹೊಗಳಬ್ಯಾಡ್ರಿ. ಖರೆ ಅಷ್ಟ ಹೇಳ್ರಿ."

ಹೇಳಬೇಕಾದ ಮಾತೇ. ಹೆಣ್ಣು ನೋಡುವ ಮೊದಲು ಗಂಡಿನ ಕಡೆಯ ಒಬ್ಬರು ಗುರುತು ಬಿಟ್ಟುಕೊಡದೆ ಬಂದು ಓಣಿಯಲ್ಲಿ ವಿಚಾರಿಸುವುದು ಈ ಕಡೆಯ ಪದ್ಧತಿ. ಅಂಥವರು ಬಂದರೆ ಓಣಿ ಹುಡುಗಿಯ ವಯಸ್ಸು ಇಳಿಸುತ್ತದೆ, ಸೀದ ರೊಟ್ಟಿಯನ್ನು ಹೂವಾಗಿಸುತ್ತದೆ. ಆಸ್ಟ್ರೇಲಿಯಾ ಸರ್ಕಾರವೂ ಹಾಗೆಯೇ ವಿಚಾರಿಸುತ್ತದೆಂದು ಎಲ್ಲರೂ ನಂಬಿದರು. ದೊಡ್ಡ ಸರ್ಕಾರ, ಅದಕ್ಕೂ ರೀತಿ ರಿವಾಜು ಇರುವುದಿಲ್ಲವೇ?

ಸಫಾರಿಯವನನ್ನು ರಾಜಮತಿ ತಾನೇ ಒಳಗೆ ಕರೆದು ಕೂರಿಸಿದಳು.

"ಹುಡುಗಿ ಹೆಂಗದಾಳ್ರಿ?" ಎಂದ ಅವನು, ಗಂಟಲು ಸರಿಪಡಿಸಿಕೊಂಡು.

"ಕೆಲಸಾ ಅಂತ ಹೇಳ್ತಾರ್ರಿ. ಎಲ್ಲಾ ಅಲ್ಲಪ್ಪನ ಮಾಡ್ತಾನ, ಈಕಿ ಕುಂತು ನೋಡ್ತಾಳ. ಎಂಟು ಹೊಡದ್ರೂ ಹಾಸಿಗಿ ಬಿಡೂದಿಲ್ಲ."

"ಸಿಟ್ಟು ಗಿಟ್ಟು?"

ಈ ಸರ್ಕಾರಕ್ಕೆ ಸಿಟ್ಟಿನದೂ ಅಂಕ ಇರಬೇಕೆಂದುಕೊಂಡಳು ರಾಜಮತಿ. "ಸಿಟ್ಟು ಅಂದ್ರ ಏನ್ ಹೇಳ್ಲಿರಿ. ಗಿರಾಕಿ ಮ್ಯಾಲೆ ನಟ್ಟು ಬಿಚ್ಚೂ ಪಾನಾ ಒಗದಾಳ. ನನಗರ ದಿನಾ ಕಣ್ಣಾಗ ನೀರ ಹಾಕಸ್ತಾಳ."

ಅಷ್ಟೂ ಸುಳ್ಳು. ಆದರೂ ನಾಲಿಗೆ ನಿಲ್ಲಲಿಲ್ಲ.

ಸಫಾರಿಯವನು ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ, ಮೋಟಾರಿನ ಸುದ್ದಿಯನ್ನೇ ಎತ್ತಲಿಲ್ಲ. ಪಡುವಣದ ಕಡೆ ಒಮ್ಮೆ ನೋಡಿ, ಕೊಟ್ಟ ಅವಲಕ್ಕಿಯನ್ನು ಲಗುಬಗೆಯಿಂದ ಮುಗಿಸಿದ. ಚಹಾ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬೇಡವೆಂದು ಕೈ ಮುಗಿದ. ಬಸ್ಸಿಗೆ ತಡವಾಯಿತೇನೋ ಎಂದುಕೊಂಡಳು ರಾಜಮತಿ.

"ಭಾಳ ಉಪಕಾರ ಆತ್ರಿ ತಾಯಿ," ಎಂದ ಅವನು, ಚಪ್ಪಲಿ ಮೆಟ್ಟುತ್ತ. "ಮನ್ಯಾಗಿನವ್ರ ಇಷ್ಟು ಬಿಚ್ಚಿ ಹೇಳೂದು ನಾ ಎಲ್ಲೂ ನೋಡಿಲ್ಲ."

ಮರುದಿನ ರಾಜಮತಿ ಬಸದಿಗೆ ಹೋಗಿ, ಆಡಿದ ಸುಳ್ಳಿಗೆ ತಪ್ಪಾಯಿತೆಂದು ಬೇಡಿಕೊಂಡಳು. ಮಗಳು ಕಣ್ಣ ಮುಂದೆ ಉಳಿದರೆ ಆ ಪಾಪ ತನಗಿರಲಿ ಎಂದೂ ಸೇರಿಸಿದಳು.

ವಾರ ಕಳೆಯುವಷ್ಟರಲ್ಲಿ ಸಂಬಂಧ ತಂದಿದ್ದ ಧನ್ಯಕುಮಾರ ಹುಕ್ಕೇರಿಯಿಂದ ಬಂದ. ಮುಖ ಬಾಡಿತ್ತು.

"ಅಕ್ಕಾರ, ಅವ್ರು ಒಲ್ಲೆ ಅಂದ್ರು. ನೀವ ಹಂಗ ಹೇಳಿದ ಮ್ಯಾಲೆ ಯಾರ್ ಒಪ್ತಾರ್ರಿ?"

"ನಾನ? ಯಾರ ಮುಂದ ಹೇಳೇನಿ?"

"ಹುಡುಗನ ಸೋದರಮಾವ ಬಂದಿದ್ರಲ್ರಿ, ಬೂದು ಸಫಾರಿ ಹಾಕ್ಕೊಂಡು. ಅವಲಕ್ಕಿ ಛಲೋ ಇತ್ತಂತ. ಹೊತ್ತ ಮುಳುಗಿದ ಮ್ಯಾಲೆ ನಮ್ಮ ಜೈನರು ಮುಟ್ಟೂದಿಲ್ಲಂತ ಚಹಾ ಅಷ್ಟ ಬಿಟ್ರಂತ."

ರಾಜಮತಿ ಕಂಬಕ್ಕೊರಗಿ ಕೂತಳು. ಒಳಗಿನಿಂದ ಬಂದ ಶ್ರದ್ಧಾಳ ಕಡೆ ತಿರುಗಿದಳು.

"ಹಂಗಾರ ಆ ಆಸ್ಟ್ರೇಲಿಯಾದಾವ ಯಾವಾಗ ಬರ್ತಾನವಾ?"

ಶ್ರದ್ಧಾ ಅತ್ತೆಯ ಪಕ್ಕ ಕೂತು, ಅವಳ ಭುಜಕ್ಕೆ ತಲೆಯಾನಿಸಿದಳು.

"ಅವ ಬರೂದಿಲ್ಲ ಅತ್ತಿ. ಅಲ್ಲಪ್ಪ ಮಾಮಾ ಇಸ್ತ್ರಿ ಅಂಗಿ ಹಾಕ್ಕೊಂಡು ಕುಂತಿದ್ದಲ್ಲ, ಆವತ್ತ ನಾ ಓಣಿಗೆ ಹೇಳೂಕಿಂತ ಮೊದಲ ಫೋನಿನ್ಯಾಗ ಎಲ್ಲಾ ಕೇಳಿ ಮುಗಿಸ್ಯಾನ."