ಕೆಳಗಿಳಿದ ಗುಪ್ಪೆ

"ಆ ಗುಪ್ಪೆ ಮೊದ್ಲು ಇಲ್ಲಿರ್ಲಿಲ್ಲ ಸ್ವಾಮಿ. ನಾನೇ ಕೆಳಕ್ಕೆ ತಂದ್ಬುಟ್ಟೆ," ಎಂದ ಕುರಿ ಕಾಯುವ ಕ್ಯಾತಪ್ಪ.

ಅಳತೆಯ ಯಂತ್ರಕ್ಕೆ ಕಣ್ಣಿಟ್ಟಿದ್ದ ಸರ್ವೇಯರ್ ಪ್ರಭುದೇವ್ ತಲೆ ಎತ್ತಿದ. ನಕ್ಷೆ ಹಿಡಿದು ನಿಂತಿದ್ದ ಆಂಧ್ರದ ಸರ್ವೇಯರ್ ಲಕ್ಷ್ಮೀಪತಿಯೂ ತಿರುಗಿದ. ಪಾವಗಡದ ಅಂಚಿನ ಈ ಬೋಳುಗುಡ್ಡದ ಮೇಲೆ ಇಬ್ಬರೂ ಸೇರಿ ಗಡಿ ಗುರುತಿಸುತ್ತಿದ್ದರು. ಅರವತ್ತು ವರ್ಷದ ಹಿಂದಿನ ನಕ್ಷೆಯ ಪ್ರಕಾರ ಗೆರೆ ಹಾದುಹೋಗುವುದು ಒಂದು ಸಮಾಧಿಯ ಕಲ್ಲುಗುಪ್ಪೆಯ ಮೇಲೆ. ಗುಡ್ಡದಲ್ಲಿ ಇದ್ದದ್ದು ಇದೊಂದೇ ಗುಪ್ಪೆ. ಇಲ್ಲಿಂದ ಅಳೆದರೆ ನೆತ್ತಿಯ ದೊಣೆ ಆಂಧ್ರಕ್ಕೆ ಹೋಗುತ್ತಿತ್ತು, ಗೆರೆಯುದ್ದಕ್ಕೂ ತಂತಿಬೇಲಿ ಬೀಳುತ್ತಿತ್ತು. ಬೇಸಿಗೆಯಲ್ಲಿ ಕ್ಯಾತಪ್ಪನ ಹಟ್ಟಿಯ ಕುರಿಗಳಿಗೆಲ್ಲ ಬಂಡೆಯ ನಡುವಿನ ಆ ನೀರೇ ಗತಿ.

"ಗಡಿ ಗುರುತನ್ನ ಎತ್ತಿಡ್ತಾರಾ ಯಜಮಾನ್ರೆ? ಜೈಲಾಗುತ್ತೆ!" ಎಂದ ಪ್ರಭುದೇವ್.

"ನಿಮ್ಮ ಗಡಿ ನಂಗೇನು ಗೊತ್ತು ಸ್ವಾಮಿ? ಅದು ನಮ್ಮಣ್ಣನ ಗುಪ್ಪೆ. ಆ ದಾರೀಲಿ ಹೋಗೋರು ಒಂದೊಂದು ಕಲ್ಲು ಹಾಕ್ಬೇಕು. ಅವ್ವಂಗೆ ಮಂಡಿ ಹೋಗಿ ಗುಡ್ಡ ಹತ್ತೋಕಾಗ್ನಿಲ್ಲ. ಮಗನಿಗೆ ಕಲ್ಲು ಹಾಕ್ನಿಲ್ಲ ಅಂತ ದಿನಾ ಅಳೋಳು. ಮೂರು ದಿನ ಹೊತ್ತು ಇಲ್ಲಿಗೆ ಇಳಿಸ್ದೆ. ಮೂವತ್ತು ವರ್ಷ ಆಯ್ತು."

ಪ್ರಭುದೇವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ಸರ್ಕಾರಗಳು ಕಾಗದದಲ್ಲಿ ಜೋಪಾನ ಮಾಡಿದ್ದ ಗೆರೆಯನ್ನು ಒಬ್ಬ ಮುದುಕಿಯ ಮಂಡಿನೋವು ಇಳಿಜಾರಿಗೆ ಎಳೆದು ತಂದಿತ್ತು.

"ಸಾಕ್ಷಿ ಎವರು ತಾತಾ?" ಎಂದ ಲಕ್ಷ್ಮೀಪತಿ. "ಬರೀ ಮಾತಿಗೆ ಗಡಿ ಬದಲಾಗಲ್ಲ."

"ಅವ್ವ ಇದ್ಲು, ಹೋಗ್ಬುಟ್ಲು. ನಾನು ತಂದಿದ್ದು ಕಲ್ಲು ಮಾತ್ರ. ಅಣ್ಣ ದೊಣೆ ಆಚೆಗೇ ಅವ್ನೆ, ಮಣ್ಣೊಳಗೆ."

ಸರ್ವೇಯರುಗಳು ಮುಖ ಮುಖ ನೋಡಿಕೊಂಡರು. ಅಲ್ಲಿ ಮೂಳೆ ಸಿಕ್ಕಿದರೆ ಗೆರೆ ಅಲ್ಲಿಗೇ ಹೋಗಿ ದೊಣೆ ಈ ಕಡೆ ಉಳಿಯುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಪ್ರಭುದೇವನಿಗೆ ಸಂಕಟವಾಯಿತು. "ಅಗೆದು ನೋಡ್ಬೇಕಾಗುತ್ತೆ ಯಜಮಾನ್ರೆ. ನೀವು ಬೇಡ ಅಂದ್ರೆ ಗೆರೆ ಇಲ್ಲೇ."

ಮಣ್ಣು ಕೊಟ್ಟ ಜಾಗವನ್ನು ಕೆದಕುವುದೆಂದರೆ ಕ್ಯಾತಪ್ಪನ ಹಟ್ಟಿಯಲ್ಲಿ ಬಾಯಲ್ಲಿ ಆಡುವ ಮಾತೂ ಅಲ್ಲ. ಆದರೂ ಅವನು ಹೆಗಲ ಕಂಬಳಿ ತೆಗೆದು ಕೆಳಗಿಟ್ಟು, ಸರ್ವೆಯವರ ಹಾರೆಯನ್ನು ತಾನೇ ಕೈಗೆತ್ತಿಕೊಂಡ.

"ನೀವ್ಯಾರೂ ಮುಟ್ಬ್ಯಾಡಿ," ಎಂದ. "ದೊಣೆಗೆ ಬಿದ್ದ ಕುರಿಮರಿ ಎತ್ತಕ್ಕೆ ಇಳಿದೋನು ನಮ್ಮಣ್ಣ, ಮ್ಯಾಲಕ್ಕೆ ಬರ್ನಿಲ್ಲ. ಕುರಿಗೋಸ್ಕರ ಅಂದ್ರೆ ಈಗ್ಲೂ ಎದ್ದು ಬತ್ತಾನೆ."