ವ್ಯಾನಿನ ಗೇರ್‌ಬಾಕ್ಸ್

ಗೇರ್‌ಬಾಕ್ಸ್ ಕೂರಲೇ ಇಲ್ಲ. ನಾಲ್ಕು ಬೆರಳಷ್ಟು ಗಿಡ್ಡ.

ಮೆಕ್ಯಾನಿಕ್ ಕಾರಿನಡಿಯಿಂದ ಜಾರಿ ಹೊರಗೆ ಬಂದ. ಇದು ವ್ಯಾನಿನದು, ಈ ಕಾರಿಗೆ ಇಂಥದ್ದನ್ನು ಯಾವತ್ತೂ ಹಾಕಿರಲಿಕ್ಕಿಲ್ಲ ಎಂದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮೂರು ವಾರ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಇವತ್ತು ರಜೆ ಹಾಕಿ, ಮುದಿ ವ್ಯಾನೊಂದರ ಹೊಟ್ಟೆಯಿಂದ ಬಿಚ್ಚಿಸಿ ತಂದ ಮಾಲು ಅದು.

"ಕಾರು ಕಟ್ಟಿದ್ದು ನಮ್ಮಪ್ಪ. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?"

"ಕಟ್ಟಿದವರಿಗೆ ಗೊತ್ತಿರಲೇಬೇಕು," ಎಂದು ಅವನು ಕೈ ಒರೆಸಿಕೊಂಡ.

ಅದು ಕಿಟ್ ಕಾರು. ಕಂಪನಿ ಪೆಟ್ಟಿಗೆಗಳಲ್ಲಿ ಬಿಡಿಭಾಗ ಕಳಿಸುತ್ತದೆ. ಎಂಜಿನ್ನನ್ನು, ಗೇರ್‌ಬಾಕ್ಸನ್ನು ಬೇರೆ ಹಳೆಯ ಗಾಡಿಗಳಿಂದ ಹೊಂದಿಸಿಕೊಂಡು ನಾವೇ ಜೋಡಿಸಿಕೊಳ್ಳಬೇಕು. ಅಪ್ಪ ಹಾಗೆ ಜೋಡಿಸಿದ್ದ. ಊರಾಚೆಯ ಬಾಡಿಗೆ ಶೆಡ್ಡಿನಲ್ಲಿ, ಎಂಟು ವರ್ಷ, ಒಂದು ಭಾನುವಾರವನ್ನೂ ತಪ್ಪಿಸದೆ.

ಅವಳು ಒಬ್ಬಳೇ ಮಗಳು. ಈಜು ಸ್ಪರ್ಧೆ, ಶಾಲೆಯ ನಾಟಕ, ಒಮ್ಮೆ ಟೈಫಾಯ್ಡಿನ ಆಸ್ಪತ್ರೆವಾಸ, ಯಾವುದಕ್ಕೂ ಭಾನುವಾರ ಅಪ್ಪ ಸಿಗಲಿಲ್ಲ. ಸಂಜೆ ಬಂದು ಕಥೆ ಹೇಳುತ್ತಿದ್ದ. ಅದರಲ್ಲಿ ಗೇರ್‌ಬಾಕ್ಸಿನ ಕಥೆ ಎಲ್ಲಕ್ಕಿಂತ ಚಂದ. ಮೊದಲನೆಯದು ತೀರಾ ಉದ್ದವಾಯಿತಂತೆ, ಎರಡನೆಯದರ ಹಲ್ಲು ಸವೆದಿತ್ತಂತೆ, ಮೂರನೆಯದನ್ನು ವ್ಯಾನಿನಿಂದ ಕಿತ್ತು, ಸೀಟುಗಳ ನಡುವಿನ ಉಬ್ಬನ್ನು ಗರಗಸದಲ್ಲಿ ಕೊರೆದು ಕೂರಿಸಿದನಂತೆ. ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ಇಷ್ಟೆಲ್ಲ ಮಾಡಿಯೂ ಉಗುರಲ್ಲಿ ಒಂದು ಚೂರು ಜಿಡ್ಡಿಲ್ಲದೆ ಬರುತ್ತಾರೆ, ಅಂಥ ಅಚ್ಚುಕಟ್ಟು ಎಂದು ಅಮ್ಮ ನೆರೆಯವರಲ್ಲಿ ಹೇಳಿಕೊಂಡು ಬೀಗುತ್ತಿದ್ದಳು. ಮನೆಯ ನಲ್ಲಿ ಸೋರಿದರೆ ಮಾತ್ರ ಪ್ಲಂಬರ್ ಬರಬೇಕು. ಪಾಪ, ಅಪ್ಪನಿಗೆ ಸುಸ್ತು.

ಅವಳಿಗೆ ಹದಿನೇಳಾದಾಗ ಕಾರು ಮನೆಗೆ ಬಂತು. ಅಮ್ಮ ಅತ್ತಳು. ಅವಳು ಎಂಟು ವರ್ಷದ ಮುನಿಸನ್ನು ಆವತ್ತೇ ಬಿಟ್ಟಳು. ಅಪ್ಪ ಸುಮ್ಮನೆ ದೂರ ಉಳಿದಿರಲಿಲ್ಲ, ಏನೋ ಒಂದನ್ನು ಕಟ್ಟುತ್ತಿದ್ದ ಎಂಬುದೇ ಅವಳಿಗೆ ಸಾಕಾಗಿತ್ತು.

ಬರುವ ಶನಿವಾರ ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ. ಆ ಕಾರಲ್ಲೇ ಕೂತು ಊರು ಸುತ್ತಬೇಕೆಂದು ಅಮ್ಮನ ಆಸೆ. ಆದರೆ ತಿಂಗಳ ಹಿಂದೆ ಗೇರ್‌ಬಾಕ್ಸಿನ ಹಿಂದಿನ ತುದಿ ಒಡೆದು ಚೂರಾಗಿ ಕಾರು ನಿಂತುಹೋಗಿತ್ತು.

ಮೆಕ್ಯಾನಿಕ್ ಕಾರಿನ ಒಳಗೆ ಟಾರ್ಚ್ ಬಿಟ್ಟು ತೋರಿಸಿದ. ಉಬ್ಬನ್ನು ಎಲ್ಲೂ ಕೊರೆದಿರಲಿಲ್ಲ, ಅಚ್ಚಿನಿಂದ ತೆಗೆದ ಹಾಗೇ ಇತ್ತು. ಸೆಡಾನ್ ಕಾರಿನ ಉದ್ದ ಬಾಲದ ಗೇರ್‌ಬಾಕ್ಸೇ ಇದಕ್ಕೆ ಸರಿ, ತನ್ನ ಹತ್ತಿರ ಒಂದಿದೆ ಎಂದ. ಓಹೋ, ಇಲ್ಲಿದೆ ಗುಟ್ಟು ಎಂದುಕೊಂಡಳು. ಮೂಲೆಯಲ್ಲಿ ಕೊಳೆಯುತ್ತಿರುವ ಮಾಲನ್ನು ದಾಟಿಸಲು ಅಪ್ಪನನ್ನು ಸುಳ್ಳುಗಾರನನ್ನಾಗಿ ಮಾಡುತ್ತಿದ್ದಾನೆ.

ಅವನೆದುರಿಗೇ ಅಪ್ಪನಿಗೆ ಫೋನ್ ಮಾಡಿದಳು. ವಿಷಯ ಹೇಳಿದಳು.

"ಹಳೇದನ್ನ ಅಲ್ಲೇ ಗುಜರಿಗೆ ಹಾಕಿಸಿಬಿಡು," ಎಂದ ಅಪ್ಪ. "ಕಾರು ಎಳೆಸಿಕೊಂಡು ಬಾ. ಇಷ್ಟು ದಿನ ಓಡಿದ್ದು ಸಾಕು."

ಅಪ್ಪನ ದನಿ ಅಷ್ಟು ಸಣ್ಣಗಾದದ್ದನ್ನು ಅವಳು ಕೇಳಿರಲಿಲ್ಲ. ಯಾರೋ ತನ್ನ ಕೆಲಸದಲ್ಲಿ ಕೊಂಕು ತೆಗೆದರು ಎಂದು ನೊಂದಿದ್ದಾನೆ, ಅಷ್ಟೇ. ಹಳೆಯ ಗೇರ್‌ಬಾಕ್ಸ್ ನೆಲದ ಮೇಲೆ ಬಿದ್ದಿತ್ತು, ಮೂವತ್ತೈದು ವರ್ಷದ ಜಿಡ್ಡು ಮಣ್ಣು ಮೆತ್ತಿಕೊಂಡು. ತಂತಿ ಬ್ರಷ್ ಎತ್ತಿಕೊಂಡು ಅವಳೇ ಉಜ್ಜತೊಡಗಿದಳು. ವ್ಯಾನ್ ಕಂಪನಿಯ ಮುದ್ರೆ ಸಿಗಲಿ, ಇವನ ಮೂತಿಗೆ ಹಿಡಿಯುತ್ತೇನೆ.

ಸಿಕ್ಕಿದ್ದು ಹಿತ್ತಾಳೆಯ ಚಿಕ್ಕ ಬಿಲ್ಲೆ. ಒಂದು ವರ್ಕ್‌ಶಾಪಿನ ಹೆಸರು. "ಪೂರ್ಣ ಜೋಡಣೆ. ಕಾರು ಸಂಖ್ಯೆ ಏಳು." ಕೆಳಗೆ ತಾರೀಖು. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷದ್ದು, ಅಪ್ಪ ಶೆಡ್ಡು ಹಿಡಿದ ವರ್ಷದ್ದು.

ಮೆಕ್ಯಾನಿಕ್ ನಿಧಾನಕ್ಕೆ ಹೇಳಿದ. ಬೇರೆಯವರಿಗೆ ಕಾರು ಕಟ್ಟಿಕೊಡುವವರು ಎರಡು ಬಿಲ್ಲೆ ಹೊಡೆಯುತ್ತಾರೆ. ಒಂದು ಬಾನೆಟ್ಟಿನೊಳಗೆ, ಎಲ್ಲರಿಗೂ ಕಾಣುವಂತೆ. ಇನ್ನೊಂದು ಗೇರ್‌ಬಾಕ್ಸಿನ ಬೆನ್ನ ಮೇಲೆ, ಇಳಿಸಿದವರಿಗೆ ಮಾತ್ರ ಕಾಣುವಂತೆ. ಬಾನೆಟ್ಟಿನೊಳಗೆ ಈಗ ಬರೀ ನಾಲ್ಕು ತೂತಿವೆ. ಯಾರೋ ಅದನ್ನು ಕಿತ್ತಿದ್ದಾರೆ, ಇದು ಇದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಅವಳು ಟೈರಿನ ಮೇಲೆ ಕೂತುಬಿಟ್ಟಳು. ಮೋಸ. ಮೊದಲನೆಯದು ಉದ್ದ, ಎರಡನೆಯದರ ಹಲ್ಲು ಸವೆದದ್ದು, ಎಲ್ಲ ಶುದ್ಧ ಬೊಗಳೆ. ಜ್ವರದಲ್ಲಿ ಬಾಗಿಲ ಕಡೆ ನೋಡುತ್ತಾ ಮಲಗಿದ್ದ ಆ ಹುಡುಗಿಯ ಬಗ್ಗೆ ಅವಳಿಗೆ ಅಳು ಬಂತು.

ಆದರೆ ಶನಿವಾರ ನಿಲ್ಲುವುದಿಲ್ಲವಲ್ಲ. ಬಿಲ್ಲೆಯವನು ಇನ್ನೂ ಇದ್ದಾನೆ, ಹಳೆಯ ಕಸುಬುದಾರ, ಯಾವ ಗೇರ್‌ಬಾಕ್ಸ್ ಎಂದು ಅವನನ್ನೇ ಕೇಳಿ ಎಂದು ಮೆಕ್ಯಾನಿಕ್ ನಂಬರ್ ಹುಡುಕಿ ಕೊಟ್ಟ.

ಮುದುಕನ ನೆನಪು ಗಟ್ಟಿಯಾಗಿತ್ತು. ಒಟ್ಟು ಕಟ್ಟಿದ್ದೇ ಹನ್ನೊಂದು ಕಾರು, ಏಳನೆಯದಕ್ಕೆ ಹಾಕಿದ್ದು ಸೆಡಾನಿನ ಉದ್ದ ಬಾಲದ್ದು ಎಂದ. ಕೊಂಡವರು ಏನಾದರೂ ಕೆಲಸಕ್ಕೆ ಕೈ ಹಾಕಿದ್ದರಾ ಎಂದು ಕೇಳಿದಳು. ಪುಣ್ಯಾತ್ಮನಿಗೆ ಸ್ಪ್ಯಾನರ್ ಯಾವ ತುದಿಯಲ್ಲಿ ಹಿಡಿಯಬೇಕೆಂದೂ ಗೊತ್ತಿರಲಿಲ್ಲ ಎಂದು ಮುದುಕ ನಕ್ಕ.

ಅವಳಿಗೂ ನಗು ಬಂತು. ಜಂಬದ ಸುಳ್ಳು, ಇಷ್ಟೇ ತಾನೆ? ರೆಡಿ ಕಾರನ್ನು ಶೆಡ್ಡಿನಲ್ಲಿಟ್ಟು, ಎಂಟು ವರ್ಷ ಒರೆಸುತ್ತಾ ಕೂತ ಹುಚ್ಚಪ್ಪ. ಇದನ್ನು ನುಂಗಿಕೊಳ್ಳಬಹುದು. ಅಮ್ಮನಿಗೆ ಹೇಳದಿದ್ದರಾಯಿತು. ಮೆಕ್ಯಾನಿಕ್ಕಿನ ಕಡೆ ತಿರುಗಿ, ತಪ್ಪಾಯಿತು, ನಿಮ್ಮದನ್ನೇ ಹಾಕಿ ಎಂದಳು. ಫೋನಿನಲ್ಲಿ ಮುದುಕನಿಗೆ ಥ್ಯಾಂಕ್ಸ್ ಹೇಳಿ, ತಾನು ಆ ಪುಣ್ಯಾತ್ಮನ ಮಗಳು ಎಂದಳು.

"ಓ, ಮಗಳಾ?" ಮುದುಕನ ದನಿ ಅರಳಿತು. "ಗಾಡಿ ಒಯ್ಯೋಕೆ ಬಂದ ದಿನ ನೀನು ಅಮ್ಮನ ತೋಳಲ್ಲಿದ್ದೆ ಕಣಮ್ಮ, ಮೂರು ತಿಂಗಳ ಕೂಸು, ನಾನು ಹಾರ್ನ್ ಒತ್ತಿದ್ದಕ್ಕೆ ಬೆಚ್ಚಿ ಅತ್ತುಬಿಟ್ಟಿದ್ದೆ."